ಪರದೇಶದ ಉತ್ಸವದಲ್ಲಿ ಪಂಡಿತಾ ರಮಾಬಾಯಿಯವರು



ಈ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನಮ್ಮನ್ನು ಕೇಳಿಕೊಂಡರು. ಶಾಲೆಯ ಏಳಿಗೆಯ ವಿಷಯವು ವಾರ್ಷಿಕ ವರದಿಯಲ್ಲಿ ಬಂದೇ ಇರುವುದರಿಂದ, ಅದನ್ನೇ ಇಲ್ಲಿ ಮತ್ತೊಮ್ಮೆ ಹೇಳುವುದು ಉಚಿತವೆಂದು ನಮಗೆ ತೋರಲಿಲ್ಲ. ಅದರ ಬದಲಾಗಿ, ಕಳೆದ ವರ್ಷ ನಮಗೆ ಬಂದ ಒಂದು ಕಾಗದಕ್ಕೆ ಉತ್ತರರೂಪವಾಗಿ ಈ ಕೆಲವು ಪುಟಗಳನ್ನು ಬರೆಯಲು ನಿಶ್ಚಯಿಸಿದೆವು.

ಆ ಕಾಗದವನ್ನು ಬರೆದವಳು ನಮ್ಮ ಹಳೆಯ ವಿದ್ಯಾರ್ಥಿನಿ. ರಾಂಪುರದ ಸುತ್ತಿನ ಒಂದು ಹಳ್ಳಿಯವಳು. ಶೇಂಗಾ ಹೊಲದ ಬದುವಿನ ಮೇಲೆ ಕುಳಿತು ಪಾಠಗಳನ್ನು ಬಾಯಿಪಾಠ ಮಾಡಿದವಳು. ಈಗ ಅವಳು ದೂರದೇಶದ ಆಸ್ಪತ್ರೆಯೊಂದರಲ್ಲಿ ದಾದಿಯಾಗಿದ್ದಾಳೆ. ಆ ದೇಶದ ರಾಷ್ಟ್ರೀಯ ವಾರ್ಷಿಕೋತ್ಸವದ ದಿನ ಆಸ್ಪತ್ರೆಯವರೆಲ್ಲರೂ ತಮ್ಮ ಧ್ವಜದ ಬಣ್ಣಗಳನ್ನು ಧರಿಸಿ ಮೆರವಣಿಗೆ ಹೊರಟರಂತೆ, ಇವಳನ್ನೂ ಕರೆದರಂತೆ. ಇವಳು ಹೋದಳು, ಅವರೊಡನೆ ನಡೆದಳು, ಅವರ ಪಂಕ್ತಿಯಲ್ಲಿ ಊಟ ಮಾಡಿದಳು. ಆ ದಿನದ ಚಿತ್ರವನ್ನು ಊರಿಗೆ ಕಳುಹಿಸಿದಾಗ ತಾಯಿಯು ಅದನ್ನು ನೋಡಿ, ಮಗಳು ಕೈಬಿಟ್ಟು ಹೋದಳೆಂದು ಕಣ್ಣೀರಿಟ್ಟಳಂತೆ. ತಾನು ಮಾಡಿದ್ದು ತಪ್ಪಾಯಿತೇ, ಮುಂದಿನ ವರ್ಷ ಬಾಗಿಲು ಹಾಕಿಕೊಂಡು ಒಳಗೇ ಕುಳಿತುಕೊಳ್ಳಬೇಕೇ ಎಂದು ಆ ಹುಡುಗಿಯು ನಮ್ಮನ್ನು ಕೇಳಿದ್ದಾಳೆ.

ಇದು ಒಬ್ಬಳ ಪ್ರಶ್ನೆಯಲ್ಲ. ಮೊಳಕಾಲ್ಮೂರು ಮತ್ತು ಚಳ್ಳಕೆರೆಯ ಸೀಮೆಯು ಮಳೆ ಕಡಿಮೆಯಾದ ಸೀಮೆ. ಇಲ್ಲಿಯ ಮಕ್ಕಳು ಓದಿದ ತರುವಾಯ ಜೀವನೋಪಾಯಕ್ಕಾಗಿ ದೂರ ಹೋಗಲೇಬೇಕಾಗಿದೆ. ಮೊದಲು ಬಳ್ಳಾರಿಗೆ, ಆಮೇಲೆ ಬೆಂಗಳೂರಿಗೆ, ಈಗ ಸಮುದ್ರದ ಆಚೆಗೂ ಹೋಗುತ್ತಿದ್ದಾರೆ. ಹೋದ ಕಡೆಯಲ್ಲಿ ಅವರಿಗೆ ಅನ್ನವನ್ನು ಕೊಡುವ ಜನರ ಸಂತೋಷದಲ್ಲಿ ಅವರು ಯಾವ ಮನಸ್ಸಿನಿಂದ ಪಾಲುಗೊಳ್ಳಬೇಕು? ಈ ವಿಷಯದಲ್ಲಿ ನಮ್ಮ ಸ್ವಂತ ಅಭಿಪ್ರಾಯವನ್ನು ಹೇಳುವುದಕ್ಕಿಂತ, ನಮಗಿಂತ ಎಷ್ಟೋ ದೊಡ್ಡವರಾದ ಒಬ್ಬ ಸ್ತ್ರೀಯ ಜೀವಿತವನ್ನು ಮುಂದಿಡುವುದು ಮೇಲೆಂದು ಭಾವಿಸುತ್ತೇವೆ. ಅವರು ಪಂಡಿತಾ ರಮಾಬಾಯಿಯವರು. ಅವರ ಹೆಸರನ್ನು ಕೇಳಿದವರು ಬಹಳ ಮಂದಿ. ಆದರೆ ಅವರು ನಮ್ಮ ಕನ್ನಡ ನಾಡಿನ ಮಣ್ಣಿನಲ್ಲಿ ಹುಟ್ಟಿದವರೆಂಬುದನ್ನು ಬಲ್ಲವರು ಸ್ವಲ್ಪ ಮಂದಿ.

ರಮಾಬಾಯಿಯವರು 1858ನೆಯ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಸ್ಥಳದಲ್ಲಿ ಜನಿಸಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಅರಣ್ಯವದು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳವೆಂಬ ಗ್ರಾಮದವರು. ಸಂಸ್ಕೃತದಲ್ಲಿ ಮಹಾ ಪಂಡಿತರು. ಅವರು ತಾರುಣ್ಯದಲ್ಲಿ ಪುಣೆಯಲ್ಲಿ ಓದುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯವರ ಅರಮನೆಯಲ್ಲಿ ರಾಣಿಯವರಿಗೆ ಸಂಸ್ಕೃತವನ್ನು ಹೇಳಿಕೊಡುವುದನ್ನು ಕಂಡು ಆಶ್ಚರ್ಯಪಟ್ಟರು. ಹೆಂಗಸಿಗೂ ಈ ವಿದ್ಯೆಯು ಸಾಧ್ಯವಾಗುವುದಾದರೆ ತಮ್ಮ ಮನೆಯಲ್ಲಿ ಏಕಾಗಬಾರದೆಂದು ಅಂದೇ ಅವರ ಮನಸ್ಸಿನಲ್ಲಿ ಮೊಳಕೆಯೊಡೆಯಿತು. ಮುಂದೆ ಅವರು ತಮ್ಮ ಎರಡನೆಯ ಪತ್ನಿಯಾದ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದರು. ಇದರಿಂದ ನೆರೆಹೊರೆಯವರ ಆಕ್ಷೇಪಣೆಯು ಹುಟ್ಟಿತು. ಆ ದಂಪತಿಗಳು ಊರನ್ನು ಬಿಟ್ಟು ಗಂಗಾಮೂಲದ ಕಾಡಿನಲ್ಲಿ ಮನೆಯನ್ನು ಕಟ್ಟಿಕೊಂಡರು. ರಮೆಯು ಹುಟ್ಟಿದ್ದು ಆ ಕಾಡಿನ ಮನೆಯಲ್ಲಿ.

ಮಗುವಿಗೆ ಸುಮಾರು ಆರು ತಿಂಗಳಾದಾಗ ಆ ಕುಟುಂಬವು ತೀರ್ಥಯಾತ್ರೆಗೆ ಹೊರಟಿತು. ಮಗುವನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತು ಘಟ್ಟವನ್ನು ಇಳಿಸಿದರಂತೆ. ಅಂದಿನಿಂದ ಅವರಿಗೆ ಸ್ಥಿರವಾದ ಮನೆಯೆಂಬುದಿರಲಿಲ್ಲ. ಪುಣ್ಯಕ್ಷೇತ್ರಗಳಲ್ಲಿ ಪುರಾಣವನ್ನು ಓದಿ, ಜನರು ಕೊಟ್ಟದ್ದರಿಂದ ಜೀವಿಸುತ್ತಿದ್ದರು. ತಾಯಿಯು ಬೆಳಗಿನ ಜಾವದಲ್ಲಿ ಮಗುವನ್ನು ಎಬ್ಬಿಸಿ, ತೊಡೆಯ ಮೇಲೆ ಕೂರಿಸಿಕೊಂಡು, ಒಂದೊಂದೇ ಶ್ಲೋಕವನ್ನು ಹೇಳಿಕೊಡುತ್ತಿದ್ದಳು. ಪುಸ್ತಕವಿಲ್ಲದೆ ಪಾಠಶಾಲೆಯಿಲ್ಲದೆ ರಮೆಯು ಸಾವಿರಾರು ಶ್ಲೋಕಗಳನ್ನು ಕಂಠಸ್ಥ ಮಾಡಿಕೊಂಡಳು.

ತರುವಾಯ ಬರಗಾಲವು ಬಂದಿತು. ದಕ್ಷಿಣ ದೇಶವನ್ನು ಹಿಂಡಿದ ಆ ಕ್ಷಾಮಗಳ ಕಾಲವನ್ನು ನಮ್ಮ ಸೀಮೆಯ ಹಿರಿಯರು ತಮ್ಮ ಹಿರಿಯರಿಂದ ಕೇಳಿಬಲ್ಲರು. 1876ರಿಂದ 1878ರವರೆಗೆ ಬಳ್ಳಾರಿ ಮತ್ತು ಚಿತ್ರದುರ್ಗದ ಸೀಮೆಗಳಲ್ಲಿಯೂ ಹಳ್ಳಿಗಳು ಬರಿದಾದುವು. ಅದಕ್ಕೆ ಮುಂಚೆಯೇ, 1874ರಲ್ಲಿ, ಹಸಿವಿನಿಂದ ಬಳಲಿದ ಅನಂತಶಾಸ್ತ್ರಿಗಳು ತೀರಿಕೊಂಡರು. ಕೆಲವು ವಾರಗಳಲ್ಲಿಯೇ ತಾಯಿಯೂ, ಆಮೇಲೆ ಅಕ್ಕನೂ ಹೋದರು. ಉಳಿದವರು ರಮೆ ಮತ್ತು ಅವಳ ಅಣ್ಣ ಶ್ರೀನಿವಾಸ ಇಬ್ಬರೇ. ಅವರಿಬ್ಬರು ದೇಶದ ಉತ್ತರದ ಕೊನೆಯವರೆಗೆ ಕಾಲ್ನಡೆಯಿಂದ ಹೋಗಿ, ಕಡೆಗೆ 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತು ವರ್ಷದ ಈ ಹೆಣ್ಣುಮಗಳ ಪಾಂಡಿತ್ಯವನ್ನು ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನಿತ್ತು ಗೌರವಿಸಿದರು.

ಆದರೆ ಮಾನವು ದೊರೆತಂತೆ ಸುಖವು ದೊರೆಯಲಿಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲರನ್ನು, ಜಾತಿಭೇದವನ್ನು ಎಣಿಸದೆ, ಮದುವೆಯಾದರು. 1881ರಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಅಳಿದರು. ಇಪ್ಪತ್ತನಾಲ್ಕು ವರ್ಷ ತುಂಬುವ ಮೊದಲೇ ರಮಾಬಾಯಿಯವರು ವಿಧವೆಯಾಗಿ, ತಬ್ಬಲಿಯಾಗಿ, ಕೈಯಲ್ಲಿ ಒಂದು ಕೂಸನ್ನು ಹಿಡಿದು ನಿಂತರು. ಆ ಕಾಲದಲ್ಲಿ ಉಚ್ಚ ಜಾತಿಯ ವಿಧವೆಯ ಪಾಡು ಏನಿತ್ತೆಂಬುದನ್ನು ನಮ್ಮ ಅಜ್ಜಿಯಂದಿರಿಂದ ಕೇಳಿದವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ.

ಅವರು ಪುಣೆಗೆ ಬಂದು ಅದೇ 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಯರ ನಡತೆಯನ್ನೂ ವಿದ್ಯೆಯನ್ನೂ ಕುರಿತು ಮರಾಠಿಯಲ್ಲಿ ಒಂದು ಪುಸ್ತಕವನ್ನು ಬರೆದರು. ಸರಕಾರವು ನೇಮಿಸಿದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷ್ಯವಿತ್ತು, ಹೆಣ್ಣುಮಕ್ಕಳಿಗೆ ಕಲಿಸಲು ಹೆಂಗಸರೇ ಉಪಾಧ್ಯಾಯಿನಿಯರಾಗಬೇಕೆಂದೂ, ಹೆಂಗಸರಿಗೆ ಚಿಕಿತ್ಸೆ ಮಾಡಲು ಹೆಂಗಸರೇ ವೈದ್ಯರಾಗಬೇಕೆಂದೂ ವಾದಿಸಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂಬ ಆಸೆಯಿಂದ, ಆ ಪುಸ್ತಕದ ಮಾರಾಟದಿಂದ ಬಂದ ಹಣದಲ್ಲಿ ಹಡಗಿನ ದಾರಿಯ ವೆಚ್ಚವನ್ನು ಮಾಡಿಕೊಂಡು, 1883ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೊರಟರು. ಹೀಗೆ ಅವರ ಪರದೇಶದ ವಾಸವು ಪ್ರಾರಂಭವಾಯಿತು. ಅದು ಸುಮಾರು ಆರು ವರ್ಷಗಳ ಕಾಲ ನಡೆಯಿತು.

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಕ್ರೈಸ್ತ ಸೋದರಿಯರ ಮಠವು ಅವರಿಗೆ ಆಶ್ರಯವನ್ನಿತ್ತಿತು. ಅಲ್ಲಿ 1883ರ ಸೆಪ್ಟೆಂಬರ್ 29ರಂದು ಅವರು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಕಿವಿಯು ಮಂದವಾಗುತ್ತ ಬಂದುದರಿಂದ ವೈದ್ಯವಿದ್ಯೆಯ ಆಸೆಯನ್ನು ಬಿಡಬೇಕಾಯಿತು. ಚೆಲ್ಟನಮ್ ಪಟ್ಟಣದ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತ, ಮುಖ್ಯಾಧ್ಯಾಪಿಕೆಯಾದ ಡೊರೊತಿಯಾ ಬೀಲ್ ಅವರ ಕೈಕೆಳಗೆ ತಾವೂ ಕಲಿಯುತ್ತ ಇದ್ದರು.

ಇಲ್ಲಿ ನಾವು ಒಂದು ವಿಷಯವನ್ನು ವಾಚಕರ ಗಮನಕ್ಕೆ ತರಬೇಕು. ರಮಾಬಾಯಿಯವರು ಅನ್ಯರ ಮನೆಯಲ್ಲಿ ಅನ್ನವನ್ನುಂಡರೂ ತಮ್ಮ ಬುದ್ಧಿಯನ್ನು ಅವರ ಕೈಗೆ ಒಪ್ಪಿಸಿಬಿಡಲಿಲ್ಲ. ಸೀರೆಯನ್ನು ಬಿಡಲಿಲ್ಲ, ಮಾಂಸವನ್ನು ಮುಟ್ಟಲಿಲ್ಲ. ಮತವಿಚಾರದಲ್ಲಿಯೂ ತಮಗೆ ಅರ್ಥವಾಗದುದನ್ನು ಒಪ್ಪಿಕೊಂಡೆನೆಂದು ಹೇಳಲಿಲ್ಲ. ಇದರಿಂದ ಅವರ ಹಿತೈಷಿಗಳಾದ ಸೋದರಿಯರಿಗೆ ಬೇಸರವಾದುದುಂಟು. ಶಿಲುಬೆಯ ಮೇಲೆ ಲ್ಯಾಟಿನ್ ಭಾಷೆಯ ಅಕ್ಷರಗಳಿದ್ದಾಗ, ಅದೇ ಮಾತು ಸಂಸ್ಕೃತದಲ್ಲಿ ಏಕಿರಬಾರದೆಂದು ಅವರು ಕೇಳಿದರು. ಭಕ್ತಿಗೆ ಒಂದೇ ದೇಶದ ಅಕ್ಷರವು ಬೇಕಾಗಿಲ್ಲವೆಂಬುದು ಅವರ ಅಭಿಪ್ರಾಯವಾಗಿತ್ತು. ಅನ್ನವನ್ನಿತ್ತವರಿಗೆ ಅವರು ಕೃತಜ್ಞರಾಗಿದ್ದರು. ಆದರೆ ಆ ಕೃತಜ್ಞತೆಯ ಹೆಸರಿನಲ್ಲಿ ತಮ್ಮತನವನ್ನು ಬಿಟ್ಟುಕೊಡಲಿಲ್ಲ.

ಹೀಗಿರುವಾಗ ಅಮೆರಿಕೆಯಿಂದ ಒಂದು ಕರೆಯು ಬಂದಿತು. ಅವರ ಬಂಧುವಾದ ಆನಂದೀಬಾಯಿ ಜೋಶಿಯವರು ಫಿಲಡೆಲ್ಫಿಯಾ ನಗರದ ಸ್ತ್ರೀಯರ ವೈದ್ಯಕೀಯ ಕಾಲೇಜಿನಲ್ಲಿ ಓದನ್ನು ಮುಗಿಸಿ, 1886ರ ಮಾರ್ಚ್ 11ರಂದು ಪದವಿಯನ್ನು ಪಡೆಯುವವರಿದ್ದರು. ಆ ಸಮಾರಂಭವನ್ನು ನೋಡಬೇಕೆಂದು ಕಾಲೇಜಿನ ಮುಖ್ಯಸ್ಥೆ ರೇಚಲ್ ಬಾಡ್ಲಿಯವರು ರಮಾಬಾಯಿಯವರನ್ನು ಆಹ್ವಾನಿಸಿದರು. ಕೆಲವು ವಾರಗಳಿಗೆಂದು ಹೊರಟವರು ಅಲ್ಲಿ ಎರಡೂವರೆ ವರ್ಷಕ್ಕೂ ಮಿಗಿಲಾಗಿ ಉಳಿದರು. ಒಬ್ಬ ಭಾರತೀಯ ಹೆಣ್ಣುಮಗಳು ವೈದ್ಯಳಾದ ಆ ದಿನ ಆ ಸಭೆಯಲ್ಲಿ ಕುಳಿತು ಸಂತೋಷಪಟ್ಟ ಇನ್ನೊಬ್ಬ ಭಾರತೀಯ ಹೆಣ್ಣುಮಗಳು ಅವರಾಗಿದ್ದರು. ಆದರೆ ಮರುವರ್ಷ ಫೆಬ್ರವರಿಯಲ್ಲಿ ಆನಂದೀಬಾಯಿಯವರು ಪುಣೆಯಲ್ಲಿ ಕ್ಷಯರೋಗದಿಂದ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೆರಡು ತುಂಬಿರಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ಕರಗುತ್ತದೆ.

ರಮಾಬಾಯಿಯವರು ಇಳಿದುಕೊಂಡ ಫಿಲಡೆಲ್ಫಿಯಾ ನಗರವು ಸಾಮಾನ್ಯ ನಗರವಲ್ಲ. 1776ನೆಯ ಇಸವಿ ಜುಲೈ 4ರಂದು ಅಮೆರಿಕನರು ಇಂಗ್ಲೆಂಡಿನ ಅರಸರ ಆಳ್ವಿಕೆಯನ್ನು ನಿರಾಕರಿಸಿ, ತಾವು ಸ್ವತಂತ್ರರೆಂದು ಘೋಷಣೆಯನ್ನು ಅಂಗೀಕರಿಸಿದುದು ಆ ನಗರದಲ್ಲಿಯೇ. ಪ್ರತಿ ವರ್ಷವೂ ಆ ದಿನವನ್ನು ಅವರು ತಮ್ಮ ರಾಷ್ಟ್ರದ ಹುಟ್ಟುಹಬ್ಬವೆಂದು ಆಚರಿಸುತ್ತಾರೆ. ರಮಾಬಾಯಿಯವರು ಅಲ್ಲಿದ್ದ ಅವಧಿಯಲ್ಲಿ ಆ ದಿನವು ಮೂರು ಬಾರಿ ಬಂದುಹೋಯಿತು. ಆಗ ನಮ್ಮ ದೇಶವು ಅದೇ ಇಂಗ್ಲೆಂಡಿನ ಅಧೀನದಲ್ಲಿತ್ತು. ನೂರು ವರ್ಷಗಳ ಹಿಂದೆ ಆ ನೊಗವನ್ನು ಕಳಚಿಕೊಂಡ ಜನರ ನಡುವೆ, ಇನ್ನೂ ಆ ನೊಗದ ಕೆಳಗಿದ್ದ ದೇಶದ ಮಗಳು ಬಾಳುತ್ತಿದ್ದಳೆಂಬುದನ್ನು ನಾವು ಊಹಿಸಿಕೊಳ್ಳಬೇಕು.

ಆದರೆ ಆ ಸ್ವಾತಂತ್ರ್ಯವು ಎಲ್ಲರ ಪಾಲಿಗೆ ಬಂದಿತ್ತೇ? ಇದನ್ನು ಅಮೆರಿಕೆಯ ಸ್ತ್ರೀಯರೇ ಬಹಳ ಹಿಂದಿನಿಂದ ಕೇಳುತ್ತಿದ್ದರು. 1848ರ ಜುಲೈ 19 ಮತ್ತು 20ರಂದು ನ್ಯೂಯಾರ್ಕ್ ಸಂಸ್ಥಾನದ ಸೆನೆಕಾ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ ಸುಮಾರು ಮುನ್ನೂರು ಮಂದಿ ಸಭೆ ಸೇರಿದರು. ಎಲಿಜಬೆತ್ ಕೇಡಿ ಸ್ಟ್ಯಾಂಟನ್, ಲುಕ್ರೀಶಿಯಾ ಮಾಟ್ ಮೊದಲಾದವರು ಅದರ ಮುಂದಾಳುಗಳು. ಅವರು 1776ರ ಘೋಷಣೆಯ ಮಾದರಿಯಲ್ಲಿಯೇ ಇನ್ನೊಂದು ಘೋಷಣೆಯನ್ನು ಬರೆದು, ಅರಸರ ಅನ್ಯಾಯಗಳನ್ನು ಪಟ್ಟಿ ಮಾಡಿದ್ದ ಸ್ಥಳದಲ್ಲಿ ಪುರುಷರು ಸ್ತ್ರೀಯರಿಗೆ ಮಾಡಿದ ಅನ್ಯಾಯಗಳನ್ನು ಪಟ್ಟಿ ಮಾಡಿದರು. ನೂರು ಮಂದಿ ಅದಕ್ಕೆ ರುಜು ಹಾಕಿದರು. ಅವರಲ್ಲಿ 68 ಮಂದಿ ಸ್ತ್ರೀಯರು, 32 ಮಂದಿ ಪುರುಷರು. ಮುಂದೆ 1876ರ ಜುಲೈ 4ರಂದು ಸ್ವಾತಂತ್ರ್ಯದ ಶತಮಾನೋತ್ಸವವು ಫಿಲಡೆಲ್ಫಿಯಾದಲ್ಲಿ ವೈಭವದಿಂದ ನಡೆಯಿತು. ಸ್ತ್ರೀಯರ ಪರವಾಗಿ ಮಾತಾಡಲು ಅವಕಾಶವು ದೊರೆಯದಿದ್ದುದರಿಂದ, ಸೂಸನ್ ಆಂಟನಿಯವರು ಕೆಲವು ಸಂಗಾತಿಗಳೊಡನೆ ಸಭೆಯ ಮಧ್ಯದಲ್ಲಿಯೇ ವೇದಿಕೆಗೆ ನಡೆದುಹೋಗಿ, ಸ್ತ್ರೀಯರ ಹಕ್ಕುಗಳ ಪತ್ರವನ್ನು ಅಧ್ಯಕ್ಷಸ್ಥಾನದಲ್ಲಿದ್ದವರ ಕೈಗೆ ಕೊಟ್ಟು, ಹೊರಗೆ ಬಂದು ಜನರ ಮುಂದೆ ಅದನ್ನು ಓದಿದರು. ಅವರು ತಮ್ಮ ದೇಶದ ಹಬ್ಬವನ್ನು ದ್ವೇಷಿಸಿದವರಲ್ಲ. ಆ ಹಬ್ಬವು ತಮ್ಮ ಮಾತನ್ನು ಪೂರ್ತಿ ಮಾಡಿಕೊಳ್ಳಲಿ ಎಂದು ಬಯಸಿದವರು.

ಇಂತಹ ಜನರ ನಡುವೆ ರಮಾಬಾಯಿಯವರು ಸುಮ್ಮನೆ ಅತಿಥಿಯಾಗಿ ಕುಳಿತಿರಲಿಲ್ಲ. ಫ್ರೋಬೆಲ್ ಎಂಬ ಜರ್ಮನ್ ಶಿಕ್ಷಣಜ್ಞರು ಕಂಡುಹಿಡಿದ ಕಿಂಡರ್‌ಗಾರ್ಟನ್ ಪದ್ಧತಿಯನ್ನು, ಅಂದರೆ ಎಳೆಯ ಮಕ್ಕಳಿಗೆ ಆಟದ ಮೂಲಕ ಪಾಠವನ್ನು ಕಲಿಸುವ ಕ್ರಮವನ್ನು, ಶಿಷ್ಯೆಯಂತೆ ಕುಳಿತು ಅಭ್ಯಾಸ ಮಾಡಿದರು. ಉಪಾಧ್ಯಾಯಿನಿಯರಾದ ನಮಗೆ ಇದು ವಿಶೇಷ ಸಂತೋಷದ ವಿಷಯ: ಬಿರುದಾಂಕಿತ ಪಂಡಿತೆಯು ಮಣ್ಣಿನ ಗೊಂಬೆ, ಬಣ್ಣದ ಕಾಗದಗಳ ಮುಂದೆ ಕುಳಿತು ಕಲಿಯಲು ನಾಚಲಿಲ್ಲ. 1887ರಲ್ಲಿ ಉಚ್ಚ ಜಾತಿಯ ಹಿಂದೂ ಸ್ತ್ರೀಯ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನು ಬರೆದು ಪ್ರಕಟಿಸಿದರು. ಅದರ ಸಾವಿರಾರು ಪ್ರತಿಗಳು ಬೇಗನೆ ಖರ್ಚಾದುವು. ಊರಿಂದೂರಿಗೆ ಪ್ರಯಾಣ ಮಾಡಿ, ಬಿಳಿಯ ಸೀರೆಯನ್ನುಟ್ಟು, ಸಭೆಗಳಲ್ಲಿ ನಿಂತು, ಬಾಲವಿಧವೆಯರಿಗಾಗಿ ಒಂದು ಪಾಠಶಾಲೆಯನ್ನು ತೆರೆಯುವ ತಮ್ಮ ಸಂಕಲ್ಪವನ್ನು ತಿಳಿಸಿದರು. 1887ರ ಡಿಸೆಂಬರಿನಲ್ಲಿ ಬೋಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಏರ್ಪಟ್ಟು, ಹತ್ತು ವರ್ಷಗಳ ಕಾಲ ಆ ಪಾಠಶಾಲೆಯ ವೆಚ್ಚವನ್ನು ವಹಿಸಿಕೊಳ್ಳಲು ಒಪ್ಪಿತು.

ಮರುವರ್ಷ, ಎಂದರೆ 1888ರಲ್ಲಿ, ಸೆನೆಕಾ ಫಾಲ್ಸ್ ಸಭೆಗೆ ನಲವತ್ತು ವರ್ಷಗಳು ತುಂಬಿದುವು. ಆ ವಾರ್ಷಿಕೋತ್ಸವವನ್ನು ಆಚರಿಸುವುದಕ್ಕಾಗಿ ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ ಮಾರ್ಚ್ 25ರಿಂದ ಏಪ್ರಿಲ್ 1ರವರೆಗೆ ಮಹಾಸಭೆಯನ್ನು ಕೂಡಿಸಿದರು. ಇದೇ ಸ್ತ್ರೀಯರ ಅಂತರರಾಷ್ಟ್ರೀಯ ಪರಿಷತ್ತಿನ ಹುಟ್ಟು. ಸ್ಟ್ಯಾಂಟನ್, ಆಂಟನಿ, ಲೂಸಿ ಸ್ಟೋನ್, ಮದ್ಯಪಾನ ನಿರೋಧದ ಕಾರ್ಯಕ್ಕಾಗಿ ಪ್ರಸಿದ್ಧರಾದ ಫ್ರಾನ್ಸಿಸ್ ವಿಲರ್ಡ್ ಮುಂತಾದವರು ಅಲ್ಲಿದ್ದರು. ಗುಲಾಮತನದಿಂದ ಪಾರಾಗಿ ಬಂದು ಮಹಾ ವಾಗ್ಮಿಗಳೆನಿಸಿದ ಫ್ರೆಡರಿಕ್ ಡಗ್ಲಸ್ ಅವರೂ ಇದ್ದರು; ನಲವತ್ತು ವರ್ಷಗಳ ಹಿಂದೆ ಆ ಘೋಷಣೆಗೆ ರುಜು ಹಾಕಿದ್ದವರಲ್ಲಿ ಅವರೊಬ್ಬರು. ಇಂಗ್ಲೆಂಡು, ಫ್ರಾನ್ಸು, ನಾರ್ವೆ ಮೊದಲಾದ ದೇಶಗಳಿಂದಲೂ ಪ್ರತಿನಿಧಿಗಳು ಬಂದಿದ್ದರು. ಭಾರತದ ಪರವಾಗಿ ಅಲ್ಲಿ ಕಾಣಿಸಿಕೊಂಡವರು ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ನಮ್ಮ ರಮಾಬಾಯಿಯವರು.

ವಾಚಕರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕೆಂದು ಬೇಡುತ್ತೇವೆ. ಆ ಉತ್ಸವವು ಅವರದಲ್ಲ. ಆ ನಲವತ್ತು ವರ್ಷಗಳ ಹೋರಾಟವೂ ಅವರದಲ್ಲ. ಅದು ಪ್ರಾರಂಭವಾದಾಗ ಅವರು ಹುಟ್ಟಿಯೇ ಇರಲಿಲ್ಲ. ಅಂತಹ ಸಭೆಗೆ ಕರೆ ಬಂದಾಗ, ಇದು ನಮ್ಮ ದೇಶದ ಕಾರ್ಯವಲ್ಲವೆಂದು ಅವರು ಬಾಗಿಲು ಮುಚ್ಚಿಕೊಂಡು ಕುಳಿತುಕೊಳ್ಳಬಹುದಾಗಿತ್ತು. ಇಲ್ಲವೆ, ತಾವೂ ಅಮೆರಿಕನ್ನರಂತೆಯೇ ಆಗಿಬಿಟ್ಟು, ತಮ್ಮ ದೇಶದ ಹೆಸರನ್ನೆತ್ತಲು ನಾಚಿಕೊಳ್ಳಬಹುದಾಗಿತ್ತು. ಅವರು ಇವೆರಡನ್ನೂ ಮಾಡಲಿಲ್ಲ. ಅವರ ಸಂತೋಷದಲ್ಲಿ ಸಂತೋಷಪಟ್ಟರು. ಆ ಸಂತೋಷದ ನಡುವೆ ತಮ್ಮ ದೇಶದ ಹೆಂಗಸರ ವಿಷಯವನ್ನೂ ಮುಂದಿಟ್ಟರು. ಓದು ಬಾರದೆ, ತಲೆ ಬೋಳಿಸಿಕೊಂಡು, ಮನೆಯ ಮೂಲೆಯಲ್ಲಿ ದಿನ ಕಳೆಯುವ ಬಾಲವಿಧವೆಯರು ಆ ದೀಪಗಳ ಸಭೆಗೆ ಅವರೊಡನೆ ಬಂದಿದ್ದರೆಂದೇ ನಾವು ಹೇಳಬೇಕು.

ಅತಿಥಿಯಾದವಳಿಗೆ ಕಣ್ಣು ಮುಚ್ಚಿಕೊಂಡಿರಬೇಕೆಂಬ ನಿಯಮವಿಲ್ಲ. ಅಮೆರಿಕೆಯಲ್ಲಿ ಕಂಡದ್ದನ್ನು ಅವರು ಮರಾಠಿಯಲ್ಲಿ ಒಂದು ದೊಡ್ಡ ಗ್ರಂಥವಾಗಿ ಬರೆದರು; ಅದು 1889ರಲ್ಲಿ ಬೊಂಬಾಯಿಯಲ್ಲಿ ಅಚ್ಚಾಯಿತು. ಆ ದೇಶದ ರಾಜ್ಯಪದ್ಧತಿ, ಶಾಲೆಗಳು, ವ್ಯಾಪಾರ, ಧರ್ಮಕಾರ್ಯಗಳು, ಸ್ತ್ರೀಯರ ಸಂಘಗಳು, ಎಲ್ಲವನ್ನೂ ಅದರಲ್ಲಿ ವಿವರಿಸಿ ಮೆಚ್ಚಿಕೊಂಡಿದ್ದಾರೆ. ವಾಷಿಂಗ್ಟನ್ನಿನ ಮಹಾಸಭೆಯೂ ಅದರಲ್ಲಿದೆ. ಅದೇ ಗ್ರಂಥದಲ್ಲಿ ಆ ನೆಲದ ಮೂಲನಿವಾಸಿಗಳಿಗೆ ಬಿಳಿಯರು ಮಾಡಿದ ಅನ್ಯಾಯವನ್ನೂ, ಕಪ್ಪು ಜನರನ್ನು ಕೀಳಾಗಿ ಕಾಣುವುದನ್ನೂ ಮುಚ್ಚಿಡದೆ ಹೇಳಿದ್ದಾರೆ. ಗುಲಾಮತನದಿಂದ ತಪ್ಪಿಸಿಕೊಂಡು, ತನ್ನಂತಹ ಅನೇಕರನ್ನು ಪ್ರಾಣದ ಹಂಗು ತೊರೆದು ಬಿಡಿಸಿ ತಂದ ಹ್ಯಾರಿಯೆಟ್ ಟಬ್ಮನ್ ಎಂಬ ವೃದ್ಧೆಯನ್ನು ಕಂಡು, ಆಕೆಯ ಸಂಗತಿಯನ್ನು ಮಗಳಾದ ಮನೋರಮೆಗೆ ಕಾಗದದಲ್ಲಿ ಬರೆದು ತಿಳಿಸಿದರು. ಮೆಚ್ಚುವುದನ್ನು ಮೆಚ್ಚಿ, ಮೆಚ್ಚಬಾರದುದನ್ನು ಮೆಚ್ಚದೆ ಇರುವವಳೇ ನಿಜವಾದ ಅತಿಥಿಯು. ಅಂದು ಅಮೆರಿಕೆಯಲ್ಲಿ ವಯೋಮಿಂಗಿನಂತಹ ಒಂದೆರಡು ಪ್ರಾಂತಗಳನ್ನು ಬಿಟ್ಟರೆ ಸ್ತ್ರೀಯರಿಗೆ ಪೂರ್ಣ ಮತದಾನದ ಹಕ್ಕಿರಲಿಲ್ಲ. ಅದು ರಾಷ್ಟ್ರಕ್ಕೆಲ್ಲ ಬಂದುದು 1920ರಲ್ಲಿ. ನಮ್ಮ ದೇಶದಲ್ಲಿಯಾದರೋ 1950ರ ಸಂವಿಧಾನವು ಪುರುಷರಿಗೂ ಸ್ತ್ರೀಯರಿಗೂ ಒಂದೇ ದಿನ ಸಮಾನವಾಗಿ ಅದನ್ನು ಕೊಟ್ಟಿತು.

ಉತ್ಸವವು ಮುಗಿದ ಮೇಲೆ ಏನು? ಇದೇ ನಮ್ಮ ಕಥೆಯ ಮುಖ್ಯ ಭಾಗ. 1888ರ ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಬಂದರಿನಿಂದ ಹಡಗು ಹತ್ತಿ, ಜಪಾನು, ಹಾಂಗ್‌ಕಾಂಗ್‌ಗಳ ಮಾರ್ಗವಾಗಿ 1889ರ ಫೆಬ್ರವರಿಯಲ್ಲಿ ಅವರು ಬೊಂಬಾಯಿಯಲ್ಲಿ ಇಳಿದರು. ಆರು ವಾರಗಳೂ ಕಳೆಯಲಿಲ್ಲ. ಮಾರ್ಚ್ 11ರಂದು ಚೌಪಾಟಿಯಲ್ಲಿ ಶಾರದಾ ಸದನವೆಂಬ ಪಾಠಶಾಲೆಯನ್ನು ತೆರೆದರು. ಮೂರು ವರ್ಷಗಳ ಹಿಂದೆ ಅದೇ ಮಾರ್ಚ್ 11ರಂದು ಆನಂದೀಬಾಯಿಯವರು ವೈದ್ಯಪದವಿಯನ್ನು ಪಡೆದಿದ್ದರೆಂಬುದನ್ನು ವಾಚಕರು ನೆನೆಯಲಿ. ಆ ಶಾಲೆಗೆ ಬಂದ ಮೊದಲ ವಿಧವೆಯಾದ ಗೋದೂಬಾಯಿಯು ಮುಂದೆ ಮಹರ್ಷಿ ಕರ್ವೆಯವರನ್ನು ಪುನರ್ವಿವಾಹವಾಗಿ ಆನಂದೀಬಾಯಿ ಕರ್ವೆಯೆಂದು ಪ್ರಸಿದ್ಧಳಾದಳು.

ಅದೇ ವರ್ಷದ ಡಿಸೆಂಬರಿನಲ್ಲಿ ಬೊಂಬಾಯಿಯಲ್ಲಿ ರಾಷ್ಟ್ರೀಯ ಕಾಂಗ್ರೆಸ್ಸಿನ ಐದನೆಯ ಅಧಿವೇಶನವು ಕೂಡಿತು. ಪ್ರತಿನಿಧಿಗಳಾಗಿ ಬಂದ ಕೆಲವೇ ಸ್ತ್ರೀಯರಲ್ಲಿ ರಮಾಬಾಯಿಯವರು ಒಬ್ಬರು. ಆ ಸಂದರ್ಭದಲ್ಲಿಯೇ ನಡೆದ ಸಾಮಾಜಿಕ ಪರಿಷತ್ತಿನಲ್ಲಿ ವಿಧವೆಯರ ತಲೆ ಬೋಳಿಸುವ ಕ್ರೂರ ಪದ್ಧತಿಯನ್ನು ಕುರಿತು ಮಾತಾಡಲು ಎದ್ದರು. ಅವರ ಧ್ವನಿಯು ಸಣ್ಣದಾಗಿ ಕೇಳಿಸದೆ ಜನರು ಗದ್ದಲ ಮಾಡಿದಾಗ, ಹೆಂಗಸರ ಧ್ವನಿಯು ಗಟ್ಟಿಯಾಗಲು ನೀವು ಇಷ್ಟು ಶತಮಾನಗಳ ಕಾಲ ಅವಕಾಶವನ್ನೇ ಕೊಡಲಿಲ್ಲವಲ್ಲ ಎಂಬ ಅರ್ಥದಲ್ಲಿ ಅವರು ನಕ್ಕು ಹೇಳಿದರೆಂದು ಪ್ರತೀತಿಯುಂಟು. ಪರದೇಶದ ಸಭೆಯಲ್ಲಿ ನಿಂತು ಬಂದ ಧೈರ್ಯವು ಸ್ವದೇಶದ ಸಭೆಯಲ್ಲಿ ಫಲವನ್ನು ಕೊಟ್ಟಿತು.

ಅವರ ಮುಂದಿನ ದಾರಿಯು ಹೂವಿನ ದಾರಿಯಾಗಿರಲಿಲ್ಲ. ಶಾರದಾ ಸದನವು ಪುಣೆಗೆ ಹೋದ ಮೇಲೆ, ಅಲ್ಲಿಯ ಕೆಲವರು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಯಲ್ಲಿ ಕೂಡುತ್ತಾರೆಂದು 1893ರಲ್ಲಿ ದೊಡ್ಡ ವಿವಾದವೆದ್ದಿತು. ಸಲಹೆಗಾರರಾಗಿದ್ದ ರಾನಡೆ ಮತ್ತು ಭಂಡಾರ್ಕರರು ಹಿಂದೆ ಸರಿದರು. ಅನೇಕ ತಾಯಿತಂದೆಗಳು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಮಕ್ಕಳನ್ನು ನಂಬಿ ಕಳುಹಿಸಿದ ತಾಯಿತಂದೆಗಳ ಕಳವಳವೂ ಸಣ್ಣದಲ್ಲ. ಶಾಲೆಯನ್ನು ನಡೆಸುವವರು ಅದನ್ನು ಹಗುರವಾಗಿ ಎಣಿಸಬಾರದು. ಅತ್ತ ಇಂಗ್ಲೆಂಡಿನಲ್ಲಿ ಅವರು ಸಾಕಷ್ಟು ವಿಧೇಯರಲ್ಲವೆಂದು ಆಕ್ಷೇಪಣೆ. ಇತ್ತ ಸ್ವದೇಶದಲ್ಲಿ ಅವರು ಪರಕೀಯರ ಪಾಲಾದರೆಂದು ಆಕ್ಷೇಪಣೆ. ಎರಡು ದೇಶಗಳ ನಡುವೆ ನಿಂತವರಿಗೆ ಎರಡೂ ಕಡೆಯಿಂದ ಮಾತು ಬರುವುದುಂಟು. ಅವರು ಮಾತಿಗೆ ಮಾತನ್ನು ಬೆಳೆಸುತ್ತ ಕೂರಲಿಲ್ಲ, ಕೆಲಸವನ್ನು ನಡೆಸಿದರು.

1896ರ ತರುವಾಯ ಮಧ್ಯಪ್ರಾಂತದಲ್ಲಿ ಬರಗಾಲವು ಬಂದಾಗ, ಬಾಲ್ಯದಲ್ಲಿ ತಾವು ಕಂಡ ಹಸಿವು ಅವರಿಗೆ ನೆನಪಾಯಿತು. ಸ್ವತಃ ಅಲ್ಲಿಗೆ ಹೋಗಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಮುಕ್ತಿ ಸದನದಲ್ಲಿ ಇರಿಸಿಕೊಂಡರು. 1900ರ ಗುಜರಾತಿನ ಕ್ಷಾಮದ ಕಾಲಕ್ಕೆ ಅಲ್ಲಿಯ ಆಶ್ರಿತರ ಸಂಖ್ಯೆಯು ಎರಡು ಸಾವಿರದ ಹತ್ತಿರಕ್ಕೆ ಬಂದಿತ್ತು. ಓದು ಬರಹದೊಡನೆ ನೇಯ್ಗೆ, ಹೊಲಿಗೆ, ಬೇಸಾಯ, ಅಚ್ಚುಕೂಟದ ಕೆಲಸಗಳನ್ನು ಹುಡುಗಿಯರಿಗೆ ಕಲಿಸಿದರು. ಕನ್ನಡ ನಾಡನ್ನೂ ಮರೆಯಲಿಲ್ಲ: ಮಗಳು ಮನೋರಮೆಯ ಸಹಾಯದಿಂದ 1912ರ ಸುಮಾರಿಗೆ ಗುಲ್ಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಪ್ರೌಢಶಾಲೆಯು ಸ್ಥಾಪಿತವಾಯಿತು. 1921ರ ಜುಲೈಯಲ್ಲಿ ಆ ಮಗಳು ತಾಯಿಗಿಂತ ಮುಂಚೆಯೇ ತೀರಿಕೊಂಡಳು. ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತರುವ ಕಾರ್ಯವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ದೇಹವನ್ನು ಬಿಟ್ಟರು. 1989ರಲ್ಲಿ ಭಾರತ ಸರಕಾರವು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಈಗ ನಮಗೆ ಕಾಗದ ಬರೆದ ಹುಡುಗಿಯ ಪ್ರಶ್ನೆಗೆ ಹಿಂದಿರುಗುತ್ತೇವೆ. ಅವಳೊಡನೆ ಅವಳ ತಾಯಿಯೂ ಇದನ್ನು ಓದಲಿ ಎಂಬುದು ನಮ್ಮ ಅಪೇಕ್ಷೆ.

ಅಮ್ಮಾ, ನಿಮ್ಮ ಕಣ್ಣೀರು ನಮಗೆ ಅರ್ಥವಾಗುತ್ತದೆ. ಆದರೆ ನಮ್ಮ ಹಳ್ಳಿಗಳನ್ನೇ ನೋಡಿರಿ. ಇಲ್ಲಿ ಒಂದು ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು. ಪೀರಲ ಹಬ್ಬಕ್ಕೆ ಊರೆಲ್ಲ ಕೂಡುತ್ತದೆ. ಕ್ರಿಸ್‌ಮಸ್ ದಿನ ನಮ್ಮ ಮನೆಗಳ ತಿಂಡಿಯು ಬೀದಿಗೆಲ್ಲ ಹೋಗುತ್ತದೆ. ಯುಗಾದಿಯ ಹೋಳಿಗೆಯು ನಮ್ಮ ಮನೆಗೂ ಬರುತ್ತದೆ. ನೆರೆಯವರ ಹಬ್ಬದಲ್ಲಿ ಉಂಡುದರಿಂದ ಯಾರೂ ತಮ್ಮ ಮನೆಯನ್ನು ಮರೆತುದಿಲ್ಲ. ನಿಮ್ಮ ಮಗಳ ನೆರೆಯು ಈಗ ದೂರಕ್ಕೆ ಹೋಗಿದೆ, ಅಷ್ಟೇ.

ಮಗಳೇ, ನೀನು ಹೋದದ್ದು ತಪ್ಪಲ್ಲ. ಯಾರ ರೋಗಿಗಳಿಗೆ ನೀನು ರಾತ್ರಿಯೆಲ್ಲ ಎಚ್ಚರ ಕುಳಿತು ಔಷಧ ಕೊಡುವೆಯೋ ಅವರ ಸಂತೋಷದ ದಿನದಲ್ಲಿ ನೀನು ಮುಖ ತಿರುಗಿಸಿ ಕುಳಿತರೆ ಅದು ದೇಶಭಕ್ತಿಯಾಗದು. ಆದರೆ ಬರಿಗೈಯಲ್ಲಿ ಹೋಗಬೇಡ. ನೀನು ಯಾವ ಊರಿನವಳೆಂದು ಯಾರಾದರೂ ಕೇಳಿದರೆ ಹೇಳಲು ನಿನ್ನಲ್ಲಿ ಮಾತಿರಲಿ. ಆ ಜನರಲ್ಲಿ ಮೆಚ್ಚತಕ್ಕದ್ದು ಯಾವುದು, ಅವರಲ್ಲಿ ಇನ್ನೂ ಸರಿಯಾಗಬೇಕಾದುದು ಯಾವುದು ಎಂದು ನೋಡುವ ಕಣ್ಣಿರಲಿ. ಅಲ್ಲಿ ಕಂಡ ಒಳ್ಳೆಯದರಲ್ಲಿ ಏನನ್ನಾದರೂ ಒಂದನ್ನು ಹಿಂದಕ್ಕೆ ತರುವ ಮನಸ್ಸಿರಲಿ. ರಮಾಬಾಯಿಯವರು ವಾಷಿಂಗ್ಟನ್ನಿನ ಉತ್ಸವಕ್ಕೆ ಹೋಗಿಬಂದ ಮರುವರ್ಷವೇ ಇಲ್ಲಿ ಒಂದು ಶಾಲೆಯು ತೆರೆಯಿತು. ನಿನ್ನಿಂದ ಅಷ್ಟು ದೊಡ್ಡದು ಆಗಬೇಕೆಂದಿಲ್ಲ. ನಿನ್ನ ಹಳ್ಳಿಯ ಒಬ್ಬ ಬಾಣಂತಿಗೆ ನೀನು ಕಲಿತ ಶುಚಿತ್ವವನ್ನು ರಜೆಯಲ್ಲಿ ಬಂದಾಗ ಹೇಳಿಕೊಟ್ಟರೂ ಸಾಕು.

ಕಡೆಯದಾಗಿ ಒಂದು ಮಾತು. ನೀನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಿಮ್ಮನ್ನೆಲ್ಲ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದುದು ನೆನಪಿರಬಹುದು. ನಮ್ಮ ಮೊಳಕಾಲ್ಮೂರು ತಾಲೂಕಿನ ಆ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿದೆ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯದು. ಅದನ್ನು ಬರೆದ ಲಿಪಿಕಾರನು ಚಪಡನೆಂಬವನು. ಶಾಸನವನ್ನೆಲ್ಲ ಅವನು ಬ್ರಾಹ್ಮೀ ಲಿಪಿಯಲ್ಲಿ ಬರೆದಿದ್ದಾನೆ. ಕೊನೆಯಲ್ಲಿ ತಾನು ಲಿಪಿಕಾರನೆಂದು ಹೇಳಿಕೊಳ್ಳುವ ಒಂದೇ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೂರದ ವಾಯವ್ಯ ಸೀಮೆಯ ಲಿಪಿ. ಬಲದಿಂದ ಎಡಕ್ಕೆ ಬರೆಯುವಂಥದು. ಅವನು ಆ ಕಡೆಯಿಂದ ಬಂದವನು, ಇಲ್ಲವೆ ಅಲ್ಲಿ ಕಲಿತವನು, ಎಂದು ತಿಳಿದವರು ಹೇಳುತ್ತಾರೆ. ನಮ್ಮ ಸೀಮೆಗೆ ಬಂದು, ನಮ್ಮ ಬಂಡೆಯ ಮೇಲೆ, ಇಲ್ಲಿ ಬೇಕಾದ ಲಿಪಿಯಲ್ಲಿ ಕೆಲಸವನ್ನು ತಪ್ಪಿಲ್ಲದೆ ಮಾಡಿದನು. ಒಂದು ಪದವನ್ನು ತಾನು ಕಲಿತ ಅಕ್ಷರದಲ್ಲಿ ಉಳಿಸಿದನು.

ನೀನೂ ಹಾಗೆಯೇ ಮಾಡು. ಮುಂದಿನ ವರ್ಷದ ಮೆರವಣಿಗೆಗೂ ಹೋಗು. ಹೋಗಿಬಂದು ಆ ಸಂಜೆ ತಾಯಿಗೆ ಕನ್ನಡದಲ್ಲಿ ಒಂದು ಕಾಗದವನ್ನು ಬರೆ.